ಎರಡು ನಿಮಿಷದ ಬೀಳ್ಕೊಡುಗೆ

ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಫ್ರೆಂಚ್ ಹುಚ್ಚು ಹಿಡಿಯಿತು. ವಿಜಯಪುರಕ್ಕೆ ಬರುವ ಫ್ರೆಂಚ್ ಪ್ರವಾಸಿಗರಿಗೆ ಊರು ತೋರಿಸುವ ಕೆಲಸವೊಂದಿತ್ತು. ಮಾತಿನ ಪರೀಕ್ಷೆ ಪಾಸಾದರೆ ಅದು ನನಗೇ. ಮನೆಯ ಹೊರಗೆ ನನಗೆ ಸಿಗಬಹುದಾಗಿದ್ದ ಮೊಟ್ಟಮೊದಲ ಕೆಲಸ. ಬೇಕೇ ಬೇಕು ಅನ್ನಿಸಿಬಿಟ್ಟಿತ್ತು.

ಪರೀಕ್ಷೆಗೆ ವಿಷಯ, ಮನೆಗೆ ಬಂದವರನ್ನು ಎರಡು ನಿಮಿಷದಲ್ಲಿ ಬೀಳ್ಕೊಡುವುದು. ಹೋಗಿಬನ್ನಿ ಎನ್ನಲು 'ಓ ರವ್ವಾರ್', ದಿನ ಚೆನ್ನಾಗಿರಲಿ ಎನ್ನಲು 'ಬೊನ್ ಜುರ್ನೇ', ಕಷ್ಟದ ಕೆಲಸಕ್ಕೆ ಹೊರಟವರಿಗೆ 'ಬೋಂ ಕುರಾಜ್'. ತವರಾದ ಬಬಲೇಶ್ವರಕ್ಕೆ ಹೋಗುವಾಗ ತುಂಬಿದ ಬಸ್ಸಿನ ಕಂಡಕ್ಟರನಿಗೂ 'ಬೋಂ ಕುರಾಜ್' ಅಂದೆ.

"ಆಯ್ತ ಅಕ್ಕಾರ, ಮುಂದ ಸರೀರಿ" ಅಂದ. ನನ್ನ ಮಟ್ಟಿಗೆ ಅದೇ ಮೊದಲ ಫ್ರೆಂಚ್ ಸಂಭಾಷಣೆ.

ನಮ್ಮ ಮನೆಯಲ್ಲಿ ಸದಾ ಗದ್ದಲ. ಹಾಗಾಗಿ ಪರೀಕ್ಷೆಯ ದಿನ ಟಿಕೋಟಾದಲ್ಲಿರುವ ಸೋದರತ್ತೆಯ ಮನೆಗೆ ಹೋಗಿ ವಿಡಿಯೊ ಕರೆಗೆ ಫೋನು ಹಚ್ಚಿಟ್ಟು ಕೂತೆ. ಮಧ್ಯಾಹ್ನ ಮೂರೂವರೆ. ತೆರೆಯ ಮೇಲೆ ಫ್ರಾನ್ಸಿನ ಪರೀಕ್ಷಕಿ, ಬೆಳ್ಳಿಕೂದಲಿನ ಹೆಂಗಸು. ಅಲ್ಲಿ ಊಟದ ಹೊತ್ತು. ಹೊರಟುನಿಂತ ಅತಿಥಿಯ ಪಾತ್ರ ಅವರದೇ.

'ಓ ರವ್ವಾರ್' ಅಂದೆ. ಅವರೂ ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮಲ್ಲಿ ಒಂದೇ ಸಲಕ್ಕೆ ಹೋದವರು ಯಾರಿದ್ದಾರೆ? ಬರ್ತೀನಿ ಅಂದ ಮೇಲೆಯೇ ಹೊಸ್ತಿಲಲ್ಲಿ ನಿಜವಾದ ಮಾತು ಶುರುವಾಗುವುದು. ನನ್ನ ಬಾಯಿಯೂ ತಾನಾಗಿ ಮುಂದುವರಿಯಿತು: ಮೊಣಕಾಲು ಹೇಗಿದೆ, ಮಳೆ ಇದೆಯಾ, ಊಟಕ್ಕೇನು? ಓಹೋ, ಹಾಗಾದರೆ 'ಬೊನ್ ಅಪೆತಿ', ಹೊಟ್ಟೆತುಂಬ ಉಣ್ಣಿ! ಆಮೇಲೆ ಮತ್ತೆ 'ಓ ರವ್ವಾರ್', ಮತ್ತೆ ಇನ್ನೊಂದು ಮಾತು.

ಅಷ್ಟರಲ್ಲಿ ಸೋದರತ್ತೆ ಕುಂಕುಮದ ಭರಣಿ, ಒಂದು ಬೊಗಸೆ ಒಣದ್ರಾಕ್ಷಿ ಹಿಡಿದು ಬಂದರು.

"ಹೊಂಟಾರೇನು? ಬರಿಗೈಲೆ ಹ್ಯಾಂಗ ಕಳಸ್ತಿ ಬೇ?" ಅಂದವರೇ ದ್ರಾಕ್ಷಿಯನ್ನು ಫೋನಿಗೆ ತೋರಿಸಿದರು. "ನಮ್ಮ ತ್ವಾಟದ್ದು ಅಂತ ಹೇಳವಾ. ಚಹಾ ಕುಡದ ಹೋಗಂತ ಹೇಳು."

ಹೇಳಿದೆ. ಇಪ್ಪತ್ತನೆಯ ನಿಮಿಷವೂ ದಾಟಿತ್ತು. ಅದು ಆಗಲೇ ಕಣ್ಣಿಗೆ ಬಿದ್ದದ್ದು. ಕೆಲಸ ಹೋಯಿತು, ನಾನೇ ಕೈಯಾರೆ ಕಳೆದುಕೊಂಡೆ. ಸಮಯ ಮೀರಿದ್ದಕ್ಕೆ ಕ್ಷಮೆ ಕೇಳಿದೆ.

ಪರೀಕ್ಷಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ತಾಯಿ ಹಳ್ಳಿಯವರಂತೆ. ಮಗಳ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಗೇಟು ಬಿಡುತ್ತಿರಲಿಲ್ಲವಂತೆ. "ಅವಳು ತೀರಿಕೊಂಡ ಮೇಲೆ ನನ್ನನ್ನು ಯಾರೂ ಹೀಗೆ ಕಳಿಸಿಕೊಟ್ಟಿರಲಿಲ್ಲ" ಅಂದರು. ಆಮೇಲೆ ಮೂಗು ಸೀಟಿಕೊಂಡು, ಸಮಯಕ್ಕೆ ಸೊನ್ನೆ, ಮಾತಿಗೆ ಪೂರ್ತಿ ಅಂಕ, ನೀವು ಪಾಸು ಅಂದರು.

ನಾನು ಕುಣಿದೇಬಿಟ್ಟೆ. ಬೇಗ ಸಿಗೋಣ ಎನ್ನಲು 'ಆ ಬ್ಯಾಂತೋ' ಅಂದೆ. ಅವರೂ 'ಆ ಬ್ಯಾಂತೋ' ಅಂದರು. ಇಬ್ಬರೂ ಫೋನಿಡಲಿಲ್ಲ. ಸೋದರತ್ತೆ ಚಹಾಕ್ಕಿಡಲು ಒಳಗೆ ಹೋದರು.