ಸಿಂಗಪುರದ ಫೋನಿಗೆ ಶೇಖಮ್ಮ ಹೇಳಿದ ಸುದ್ದಿ

೧೯೯೯ರ ಮಾತು. ಸಿಂಧನೂರಿನ ರೈಸ್‌ಮಿಲ್ ಸಾವಕಾರ ಗೋಪಣ್ಣ ಹೆಂಡತಿಯ ಜೊತೆ ಸಿಂಗಪುರ ನೋಡಲು ಹೋಗುವಾಗ ತಾಯಿ ಗದ್ದೆಮ್ಮನನ್ನು ಕೆಲಸದ ಶೇಖಮ್ಮನಿಗೆ ಒಪ್ಪಿಸಿ ಹೋದ. ಹದಿನಾರು ವರ್ಷದಿಂದ ಆ ಮನೆಯ ಕಸ, ಮುಸುರೆ, ರೊಟ್ಟಿ ಶೇಖಮ್ಮನದೇ. ಮುದುಕಿಗೆ ನೀರು ಹಾಕಿ ಸೀರೆ ಉಡಿಸುವುದು ಅದಕ್ಕೆ ಯಾವಾಗ ಸೇರಿಕೊಂಡಿತೋ, ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಮನೆಯ ಫೋನಿಗೆ ಬೀಗ ಹಾಕಿ ಕೀಲಿ ಒಯ್ದಿದ್ದರು. ಹೊಸ ಮೊಬೈಲಿನ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು, "ಜೀವ ಹೋಗೋ ಹಂಗಿದ್ರ ಮಾತ್ರ" ಅಂದಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಕುಡಿಸಿದ ಗಂಜಿ ಮುದುಕಿಯ ಬಾಯಿಯ ಎಡಗಡೆಯಿಂದ ಸೋರಿತು. ಒರೆಸಿದರೆ ಮತ್ತೆ ಸೋರಿತು. ಎಡಗೈ ಎತ್ತಿ ಬಿಟ್ಟರೆ ಧೊಪ್ಪನೆ ಬಿತ್ತು. ಓಣಿಯ ಡಾಕ್ಟರು ಬಂದು ನೋಡಿ, "ಲಕ್ವಾ ಹೊಡದೈತಿ. ತಡ ಮಾಡಿದ್ರ ಉಳಿಯಂಗಿಲ್ಲ, ರಾಯಚೂರಿಗೆ ಒಯ್ಯಬೇಕು. ಮನಿಯವ್ರನ್ನ ಕೇಳು" ಅಂದರು.

ಮಗ್ಗುಲ ಮನೆಯ ಇಮಾಮ್‌ಬೀಯನ್ನು ಮುದುಕಿಯ ಹತ್ತಿರ ಕೂರಿಸಿ, ಶೇಖಮ್ಮ ಹಿಟ್ಟಿನ ಕೈಯಲ್ಲೇ ಬಾಬುಸಾಬನ ಎಸ್‌ಟಿಡಿ ಬೂತಿಗೆ ಓಡಿದಳು. ಅವನು ನಂಬರ್ ಒತ್ತಿಕೊಟ್ಟ.

"ಯಾರು?"

"ನಾನ್ರೀ ಸಾವಕಾರ್ರ, ಶೇಖಮ್ಮ. ನಾವೆಲ್ಲ ಆರಾಮ ಅದೀವ್ರಿ. ನೀವು ಆರಾಮ ಅದೀರಿಲ್ರಿ? ಊಟ ಆತ್ರೀ?"

"ಆರಾಮ ಇದ್ರ ಫೋನ್ ಯಾಕ ಮಾಡಿದಿ ಬೇ? ಇಲ್ಲಿ ಬಂದ ಫೋನಿಗೂ ರೊಕ್ಕ ಹಿಡೀತಾರ!" ಹಿಂದಿನಿಂದ ಹೆಂಡತಿಯ ದನಿ: "ಸಂಡಿಗಿ ಬಿಸಲಿಗೆ ಹಾಕ್ಯಾಳೇನು ಕೇಳ್ರಿ." ಅಷ್ಟಕ್ಕೇ ಕಡಿದುಹೋಯಿತು.

"ಹುಚ್ಚಿ! ಮೊದಲ ಸುದ್ದಿ ಹೇಳಬಾರದೇನು?" ಬಾಬುಸಾಬ್ ಹಣೆ ಬಡಿದುಕೊಂಡ.

"ದೂರ ಹೋದವ್ರಿಗೆ ಒಮ್ಮಿಗೇ ಕೆಟ್ಟದ್ದು ಹೆಂಗ ಹೇಳ್ಲೋ ಭಾಯಿ?" ಗುರುಗುಂಟಾದ ತವರಿನಲ್ಲಿ ಅಪ್ಪ ಸತ್ತಾಗ ಅವಳಿಗೂ ನೀರು ಕುಡಿಸಿ, ಕ್ಷೇಮ ವಿಚಾರಿಸಿ, ಆಮೇಲೆಯೇ ಬಾಯಿ ಬಿಟ್ಟಿದ್ದರು. ಮಾತು ಬಲ್ಲವರು ಹಾಗೇ ಮಾತಾಡುವುದು.

ಮತ್ತೆ ಮೂರು ಸಲ ಒತ್ತಿದರು. ಯಾವಳೋ ತಿಳಿಯದ ಭಾಷೆಯಲ್ಲಿ ಹೇಳಿದ್ದನ್ನೇ ಹೇಳಿದಳು.

ಒಯ್ದು ದಾರಿಯಲ್ಲಿ ಸತ್ತರೆ, 'ಯಾರನ್ನ ಕೇಳಿ ಒಯ್ದಿ?' ಒಯ್ಯದೆ ಮನೆಯಲ್ಲಿ ಸತ್ತರೆ, 'ಯಾಕ ಒಯ್ಯಲಿಲ್ಲ?' ಎರಡಕ್ಕೂ ಅವಳದೇ ಕುತ್ತಿಗೆ. ಹದಿನಾರು ವರ್ಷದಲ್ಲಿ ಸಾರಿಗೆ ಉಪ್ಪು ಎಷ್ಟು ಅನ್ನುವುದನ್ನೂ ಅವಳು ತಾನೇ ತೀರ್ಮಾನ ಮಾಡಿದವಳಲ್ಲ. ಶೇಖಮ್ಮ ನಂಬರಿನ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು.

"ಬಾಬುಸಾಬ್, ಜೀಪ್ ಕರಿ."

ರಾಯಚೂರಿನ ತನಕ ಮುದುಕಿಯ ತಲೆ ಅವಳ ತೊಡೆಯ ಮೇಲೇ. ಗುಂಡಿ ಬಂದಾಗೊಮ್ಮೆ ಮೂಗಿಗೆ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಕಾರಕೂನ ಒಪ್ಪಿಗೆಯ ಕಾಗದ ಮುಂದಿಟ್ಟು ಕೇಳಿದ: "ನೀ ಏನಾಗಬೇಕು ಪೇಷಂಟಿಗೆ?"

"ಉಣಸ್ತೀನ್ರಿ, ಉಚ್ಚಿ ಬಳೀತೀನ್ರಿ. ಅದಕ್ಕ ಏನಂತಾರೋ ಬರ್ಕೋರಿ."

ಅವನು ಆ ಜಾಗ ಖಾಲಿ ಬಿಟ್ಟು ಮಸಿಯ ಡಬ್ಬಿ ಮುಂದೆ ತಳ್ಳಿದ. ಒಳಗಿನಿಂದ ನರ್ಸು ಲಗೂ ಮಾಡ್ರಿ ಎಂದು ಕೂಗಿದಳು. ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಶೇಖಮ್ಮ ಒತ್ತಿದಳು. ಬೆರಳು ಜಾರಿ ಗುರುತು ಕಲಸಿಹೋಯಿತು.

"ಇನ್ನೊಮ್ಮೆ" ಅಂದ. ಎಡಗೈಯಲ್ಲಿ ಬಲಗೈ ಮಣಿಕಟ್ಟು ಬಿಗಿಯಾಗಿ ಹಿಡಿದು, ಒತ್ತಿದಳು.