ತೆಂಗಿನೆಣ್ಣೆ ಹಚ್ಚಿದ ಜೀಪು

ನಮ್ಮ ಫ್ಲ್ಯಾಟುಗಳ ಸೊಸೈಟಿಯ ಕಾರ್ಯದರ್ಶಿ ನನ್ನ ಜೀಪನ್ನು ಮೊದಲ ಸಲ 'ಭಂಗಾರ್' ಎಂದು ಕರೆದದ್ದು ನನ್ನೆದುರಿಗಲ್ಲ, ಲಿಫ್ಟಿನಲ್ಲಿ, ನನ್ನ ಗಂಡನ ಹತ್ತಿರ. ಆ ಹೊತ್ತಿಗೆ ಅತ್ತೆಯೂ ಲಿಫ್ಟಿನಲ್ಲಿದ್ದರು. ಉಡುಪಿಯಿಂದ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದು ಹನ್ನೊಂದು ವರ್ಷವಾದರೂ ಮರಾಠಿಯನ್ನು ಹತ್ತಿರ ಬಿಟ್ಟುಕೊಳ್ಳದ ಅವರು ಮನೆಯೊಳಗೆ ಕಾಲಿಟ್ಟವರೇ, "ನಿನ್ನ ಗಾಡಿಗೆ ಅವರು ಬಂಗಾರ ಅಂತ ಹೇಳಿದ್ರು ಮಾರಾಯ್ತಿ, ಒಳ್ಳೆ ಜನ" ಎಂದರು. ಗಂಡ ಚಪ್ಪಲಿ ಬಿಚ್ಚುತ್ತಾ ನೆಲ ನೋಡಿದರು. ಈ ಊರಿನಲ್ಲಿ ಗುಜರಿ ಸಾಮಾನಿಗೆ ಭಂಗಾರ್ ಎನ್ನುತ್ತಾರೆಂದು ಅತ್ತೆಗೆ ತಿಳಿಸಿ ಅವರ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಆದರೆ ಮೈಯೆಲ್ಲ ಉರಿಯಿತು.

ಎರಡು ದಿನ ಬಿಟ್ಟು ನೋಟಿಸ್ ಬೋರ್ಡಿನಲ್ಲಿ ಕಾಗದ ಬಂತು. ಕಟ್ಟಡಕ್ಕೆ ಹೊಸ ಬಣ್ಣ ಬಳಿಯುವವರಿದ್ದಾರೆ, ಅದಕ್ಕೆ ಮುಂಚೆ ಪಾರ್ಕಿಂಗಿನಲ್ಲಿ ನೋಡಲು ಸರಿಯಿಲ್ಲದ ವಾಹನಗಳನ್ನು ತೆಗೆಯಬೇಕು, ತೆಗೆಯದಿದ್ದರೆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ. ಜಾಗ ಹೋಯಿತೆಂದರೆ ಜೀಪು ಹೋಯಿತೆಂದೇ ಅರ್ಥ. ಡೊಂಬಿವಲಿಯ ರಸ್ತೆಯಲ್ಲಿ ಸ್ಕೂಟರು ನಿಲ್ಲಿಸಲು ಜಾಗ ಸಿಕ್ಕಿದರೆ ಅದೇ ಪುಣ್ಯ, ಜೀಪನ್ನು ಎಲ್ಲಿಡುವುದು?

ಜೀಪು ಎನ್ನುವುದು ನಾವು ಕರೆಯುವ ಹೆಸರು. ಎತ್ತರದ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಹಳೆಯ ಗಾಡಿ. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತಾಗ ಮನೆಯವರೆಲ್ಲ ಮುಸಿಮುಸಿ ನಕ್ಕಿದ್ದರು. ಪನ್ವೇಲಿನಲ್ಲಿ ಯಾರೋ ಮಾರುತ್ತಿದ್ದ ಈ ಗಾಡಿಯನ್ನು ನನ್ನ ತವರಿನವರು ಕೊಟ್ಟಿದ್ದ ಚಿನ್ನದ ಬಳೆ ಮಾರಿ ನನ್ನ ಹೆಸರಿನಲ್ಲೇ ಕೊಂಡು ತಂದಾಗ ನಗು ನಿಂತಿತು. ಆಮೇಲೆ ಕಲ್ಯಾಣದಲ್ಲಿರುವ ನಮ್ಮ ವೆಜ್ ಹೋಟೆಲಿಗೆ ತರಕಾರಿ ತರುವ ಕೆಲಸವನ್ನು ನಾನೇ ವಹಿಸಿಕೊಂಡೆ. ಬೆಳಗ್ಗೆ ಐದಕ್ಕೆ ಮಾರ್ಕೆಟಿಗೆ ಹೋಗಿ, ಮೂಲಂಗಿಯ ಕಂತೆ, ಕುಂಬಳಕಾಯಿ, ಕರಿಬೇವಿನ ಮೂಟೆ ತುಂಬಿಸಿ, ಹೋಟೆಲಿನ ಹಿಂಬಾಗಿಲಿನಲ್ಲಿ ಇಳಿಸುವುದು. ಮಳೆಗಾಲದಲ್ಲಿ ರಸ್ತೆ ಯಾವುದು ಗಟಾರ ಯಾವುದು ತಿಳಿಯದಂತೆ ನೀರು ನಿಂತಾಗ ಕಾರುಗಳೆಲ್ಲ ಕೆಮ್ಮಿ ಸುಮ್ಮನಾಗುತ್ತಿದ್ದವು. ನನ್ನ ಜೀಪು ನಡೆಯುತ್ತಿತ್ತು. ಇವತ್ತು ಮೂಗು ಮುರಿಯುವ ಬಿಲ್ಡಿಂಗಿನವರು ಅಂಥ ದಿನಗಳಲ್ಲಿ ಅದರಲ್ಲಿ ಹತ್ತಿ ಸ್ಟೇಷನ್ನಿಗೆ ಹೋದವರೇ. ವಯಸ್ಸಾದ ಗಾಡಿಯೆಂದು ಕಲ್ಯಾಣದ ಆರ್‌ಟಿಒಗೆ ಮರುನೋಂದಣಿಗೆ ಒಯ್ದಾಗ ಅದು ಒಂದೇ ಸಲಕ್ಕೆ ಪಾಸಾಗಿತ್ತು. ಸರಕಾರಕ್ಕೆ ಇಲ್ಲದ ತೊಂದರೆ ಸೊಸೈಟಿಗೆ!

ತೊಂದರೆ ಇದ್ದದ್ದು ಮುಖದಲ್ಲಿ. ತಗಡಿನ ಹಸಿರು ಬಣ್ಣ ಚೆನ್ನಾಗಿಯೇ ಇತ್ತು. ಮುಂದಿನ ಮತ್ತು ಹಿಂದಿನ ಬಂಪರು, ಚಕ್ರಗಳ ಮೇಲಿನ ಕಮಾನು, ಬಾಗಿಲ ಕೆಳಗಿನ ಅಗಲ ಪಟ್ಟಿ, ಕನ್ನಡಿಗಳ ಚಿಪ್ಪು, ಇವೆಲ್ಲ ಪ್ಲಾಸ್ಟಿಕ್ಕಿನವು. ಒಂದು ಕಾಲದಲ್ಲಿ ಕಡುಗಪ್ಪು. ತೆರೆದ ಪಾರ್ಕಿಂಗಿನ ಬಿಸಿಲಿಗೆ, ಎಮ್‌ಐಡಿಸಿಯ ಕಾರ್ಖಾನೆಗಳ ಕಡೆಯಿಂದ ಬರುವ ಗಾಳಿಗೆ ಒಣಗಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದವು. ತೊಳೆದಾಗ ಒದ್ದೆಯಿರುವಷ್ಟು ಹೊತ್ತು ಕಪ್ಪು, ಒಣಗಿದೊಡನೆ ಮತ್ತೆ ವಿಭೂತಿ ಬಳಿದಂತೆ. ನೆರೆಮನೆಯಾಕೆ ಒಮ್ಮೆ, ನಿನ್ನ ತಲೆಗೆ ತರುವ ಡೈಯಲ್ಲಿ ಸ್ವಲ್ಪ ಉಳಿಸಿ ಅದಕ್ಕೂ ಹಚ್ಚು ಎಂದು ತಮಾಷೆ ಮಾಡಿದ್ದಳು. ನಾನು ತಲೆಗೆ ಡೈ ಹಚ್ಚುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಸೊಸೈಟಿಯ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. ಓಡುವ ಗಾಡಿ, ಕಾಗದಪತ್ರ ಸರಿಯಿರುವ ಗಾಡಿ, ನೋಡಲು ಸರಿಯಿಲ್ಲ ಎಂದರೇನು, ಯಾರ ಕಣ್ಣಿಗೆ ಸರಿಯಿಲ್ಲ ಎಂದು ಕೇಳಿದೆ. ಕಾರ್ಯದರ್ಶಿ ನನಗೆ ಉತ್ತರ ಕೊಡದೆ ನನ್ನ ಗಂಡನ ಕಡೆ ನೋಡಿ, ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ ಕಮಿಟಿಯವರು ಬಂದು ಪ್ರತಿಯೊಂದು ವಾಹನವನ್ನೂ ನೋಡುತ್ತಾರೆ, ಆಗಲೇ ನಿರ್ಧಾರ ಎಂದರು. ಬನ್ನಿ, ನೋಡಿ ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕೂತೆ. ಹೇಳಿ ಕೂತೆ ನಿಜ, ಏನು ಮಾಡುವುದೆಂದು ಮಾತ್ರ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಏನು ಮಾಡುವುದೆಂದು ಗೊತ್ತಿಲ್ಲದಿದ್ದಾಗ ಮಾಡುವುದು ಒಂದೇ, ತೆಂಗಿನೆಣ್ಣೆ. ಬಾಗಿಲು ಕಿರುಗುಟ್ಟಿದರೆ ತೆಂಗಿನೆಣ್ಣೆ, ಕೈ ಸುಟ್ಟರೆ ತೆಂಗಿನೆಣ್ಣೆ, ಹಲಸಿನ ಮೇಣಕ್ಕೆ, ಒಡೆದ ಹಿಮ್ಮಡಿಗೆ, ಬಿಗಿಯಾದ ಬಳೆಗೆ, ನಿದ್ದೆ ಬಾರದ ತಲೆಗೆ. ಒಣಗಿದ್ದಕ್ಕೆ ಎಣ್ಣೆ ಕುಡಿಸು ಎಂದು ಅತ್ತೆ ಹೇಳಿದಾಗ ನನಗೆ ಅದು ಬಹಳ ಸರಿಯಾಗಿ ಕಂಡಿತು. ಶನಿವಾರ ಮಧ್ಯಾಹ್ನ, ಊರಿನ ಗಾಣದಿಂದ ತರಿಸಿದ್ದ ಎಣ್ಣೆಯ ಡಬ್ಬವನ್ನೇ ಕೆಳಗೆ ಒಯ್ದೆ. ಹಳೆಯ ಬನಿಯನ್ ಬಟ್ಟೆಯಿಂದ ತಿಕ್ಕಿದೆ. ಪ್ಲಾಸ್ಟಿಕ್ಕು ಎಣ್ಣೆಯನ್ನು ಗಟಗಟ ಕುಡಿಯಿತು, ಮತ್ತಷ್ಟು ಹಚ್ಚಿದೆ. ಸಂಜೆ ನಾಲ್ಕರ ಬಿಸಿಲಿನಲ್ಲಿ ಜೀಪು ಶೋರೂಮಿನಿಂದ ಆಗಷ್ಟೇ ಇಳಿದು ಬಂದಂತೆ ಮಿರಿಮಿರಿ ಮಿಂಚಿತು. ವಾಚ್‌ಮನ್ ಬಂದು, ಯಾರ ಮನೆಯಲ್ಲೋ ಏನೋ ಕರಿಯುತ್ತಿದ್ದಾರೆ ಎಂದು ಸುತ್ತ ನೋಡಿದ. ನಾನು ಆ ರಾತ್ರಿ ಗೆದ್ದವಳ ಹಾಗೆ ಮಲಗಿದೆ.

ಭಾನುವಾರ ಬೆಳಗ್ಗೆ ಎದ್ದು, ಅತ್ತೆಯ ತಲೆಗೆ ಹಚ್ಚಲೆಂದು ಎಣ್ಣೆಯ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದೆ. ಜನವರಿಯಲ್ಲಿ ದಿನಾ ಮಾಡುವ ಕೆಲಸ ಅದು. ಚಳಿಗೆ ಎಣ್ಣೆ ಹೆಪ್ಪುಗಟ್ಟಿರುತ್ತದೆ, ಬಿಸಿ ತಾಗದೆ ಕರಗುವುದಿಲ್ಲ. ನನ್ನ ಕೈಯಾರೆ ಆ ಬಾಟಲಿಯನ್ನು ಇಟ್ಟು, ಅದು ಬೆಳ್ಳಗಿರುವುದನ್ನು ಕಣ್ಣಾರೆ ನೋಡಿ, ಆದರೂ ನನಗೆ ಹೊಳೆಯಲಿಲ್ಲ. ಇಷ್ಟು ದೊಡ್ಡ ಹೆಡ್ಡುತನವನ್ನು ನಾನು ಜೀವನದಲ್ಲಿ ಇನ್ನೊಂದು ಮಾಡಿಲ್ಲ. ಕೆಳಗೆ ಇಳಿದು ಹೋದರೆ ಜೀಪಿನ ಮೈಯೆಲ್ಲ ಬಿಳಿ ಬಿಳಿ. ಪ್ಲಾಸ್ಟಿಕ್ಕಿನ ಮೇಲೆ ಎಣ್ಣೆ ತುಪ್ಪದ ಹಾಗೆ ಹೆರೆಗಟ್ಟಿತ್ತು. ಅದರ ಮೇಲೆ ರಾತ್ರಿಯಿಡೀ ಬಿದ್ದ ಧೂಳು ಅಂಟಿ ಪಾಚಿ ಹಿಡಿದಂತಿತ್ತು. ಮುಂದಿನ ಬಂಪರಿನ ಮೇಲೆ ಎರಡು ಕಾಗೆಗಳು ಕೂತು ಕುಕ್ಕುತ್ತಿದ್ದವು.

ಕಮಿಟಿಯ ಮೂವರೂ ಆಗಲೇ ಬಂದು ನಿಂತಿದ್ದರು. ಒಬ್ಬರು ನಗು ತಡೆಯಲು ಕೆಮ್ಮಿದರು. ಕಾರ್ಯದರ್ಶಿ ಬೆರಳಿನಿಂದ ಸವರಿ, ಬೆರಳನ್ನು ಮೂಸಿ, ಕರವಸ್ತ್ರದಿಂದ ಒರೆಸಿಕೊಂಡರು. ಮುಂದಿನ ಗಾಜಿಗೆ ಒಂದು ಹಳದಿ ಚೀಟಿ ಅಂಟಿಸಿದರು. ತಿಂಗಳ ಕೊನೆಯವರೆಗೆ ಗಡುವು. ನನಗೆ ನಾಚಿಕೆಯಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಅಳುವೂ ಬಂತು. ಅವರ ಮುಂದೆ ಅಳಲಿಲ್ಲ ಅಷ್ಟೆ.

ಮರುದಿನ ಮಧ್ಯಾಹ್ನ ಹೋಟೆಲಿನಲ್ಲಿ ಊಟದ ಗಿರಾಕಿ ಕಡಿಮೆಯಾದ ಮೇಲೆ ಗಂಡ ಒಂದು ಅರ್ಜಿಯನ್ನು ನನ್ನ ಮುಂದಿಟ್ಟರು. ಕಳಂಬೋಲಿಯ ಗುಜರಿಯವನೊಬ್ಬನ ಹತ್ತಿರ ಮಾತಾಡಿದ್ದಾರೆ, ಅವನೇ ಬಂದು ಎಳೆದುಕೊಂಡು ಹೋಗುತ್ತಾನೆ. ನನ್ನ ಗಂಡ ಕೆಟ್ಟವರಲ್ಲ. ಇಡೀ ದಿನ ಗಿರಾಕಿಗಳಿಗೆ ಹೌದು ಎಂದು ತಲೆಯಾಡಿಸಿ ಸಂಜೆಗೆ ಜಗಳವೆಂದರೆ ಸಾಕಾಗಿರುತ್ತದೆ ಅವರಿಗೆ.

"ಸುಮ್ನೆ ಜಗಳ ಯಾಕೆ ಮಾರಾಯ್ತಿ," ಎಂದರು. "ಒಂದು ಸೈನ್ ಹಾಕು, ಮುಗಿಯಿತಲ್ಲ."

ಅರ್ಜಿಯ ಕೆಳಗೆ ಮಾಲೀಕರ ಸಹಿ ಎಂದು ಬರೆದಿದ್ದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಹೋಟೆಲಿನ ಲೈಸೆನ್ಸಿಗೆ, ಫ್ಲ್ಯಾಟಿಗೆ, ಗ್ಯಾಸಿಗೆ, ಯಾವುದಕ್ಕೂ ನನ್ನ ಸಹಿ ಎಂದೂ ಬೇಕಾಗಿರಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನಾನು ಸಹಿ ಹಾಕದಿದ್ದರೆ ನಿಂತುಹೋಗುವ ಕೆಲಸವೆಂದರೆ ಇದೊಂದೇ. ಆ ಪೆನ್ಸಿಲಿನ ಗುರುತನ್ನು ನೋಡುತ್ತಾ ನೋಡುತ್ತಾ ನನ್ನ ಬೆನ್ನು ನೆಟ್ಟಗಾಯಿತು.

"ಹಾಕುವುದಿಲ್ಲ," ಎಂದೆ.

ಅವರು ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಕೌಂಟರಿಗೆ ಹೋದರು.

ಠಾಣೆ ಹತ್ತಿರದ ಕಳವಾ ಎಂಬಲ್ಲಿ ಬಂಪರು ರಿಪೇರಿಯ ಒಬ್ಬರಿದ್ದಾರೆಂದು ಮಾರ್ಕೆಟಿನ ಟೆಂಪೋದವರು ಹೇಳಿದ್ದರು. ಹುಡುಕಿಕೊಂಡು ಹೋದೆ. ಒಂದೇ ಕೋಣೆಯ ಅಂಗಡಿ, ಗೋಡೆಯ ತುಂಬ ಒಡೆದ ಬಂಪರುಗಳು. ಹಿಂದಿಯಲ್ಲಿ ನನ್ನ ಕಥೆ ಹೇಳುತ್ತಿದ್ದವಳು ಕಾರ್ಯದರ್ಶಿಯ ವಿಷಯ ಬಂದಾಗ ನನಗೇ ತಿಳಿಯದೆ ಕನ್ನಡದಲ್ಲಿ ಬೈದುಬಿಟ್ಟೆ. ಆ ಮನುಷ್ಯ ತಲೆಯೆತ್ತಿ ನಕ್ಕರು. ವಿಜಯಪುರದ ಕಡೆಯವರಂತೆ. ಹೊರಗೆ ನಿಲ್ಲಿಸಿದ್ದ ಜೀಪಿನ ಹತ್ತಿರ ಬಂದು ಮೂಸಿದರು. ಯಾವ ಎಣ್ಣೆ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ ಅವರಿಗೆ.

"ಅಕ್ಕಾರ, ಇದಕ್ಕ ಮ್ಯಾಲಿಂದ ಎಣ್ಣಿ ಕುಡಿಸಿದ್ರ ಏನೂ ಆಗೂದಿಲ್ರಿ. ಅದರ ಎಣ್ಣಿ ಅದರ ಒಳಗ ಐತಿ. ಬಿಸಿ ಕೊಟ್ರ ತಾನಾ ಮ್ಯಾಲೆ ಬರ್ತೈತಿ."

ಹೇಳಿ, ಹೀಟ್ ಗನ್ ಎಂಬ ಬಿಸಿಗಾಳಿಯ ಯಂತ್ರವನ್ನು ಹಚ್ಚಿ, ಮೂಲೆಯಲ್ಲಿ ಬಿದ್ದಿದ್ದ ಒಂದು ಬೂದಿ ಬಣ್ಣದ ಬಂಪರಿಗೆ ಹಿಡಿದರು. ನಾನು ನೋಡುತ್ತಿದ್ದಂತೆಯೇ ಅಂಗೈಯಗಲದ ಜಾಗ ಕಪ್ಪಾಯಿತು. ಬಳಿದ ಕಪ್ಪಲ್ಲ, ಒಳಗಿನಿಂದ ಎದ್ದು ಬಂದ ಕಪ್ಪು. ನಾಳೆ ಗಾಡಿ ಬಿಟ್ಟು ಹೋಗಿ, ಮಾಡಿಕೊಡುತ್ತೇನೆ ಎಂದರು. ಬೇಡ, ನಾನೇ ಮಾಡಬೇಕು, ಅದೂ ನಮ್ಮ ಬಿಲ್ಡಿಂಗಿನಲ್ಲೇ ಮಾಡಬೇಕು ಎಂದೆ. ಅವರು ಒಪ್ಪಿದರು. ಮೊದಲು ತೆಂಗಿನೆಣ್ಣೆಯನ್ನು ಪೂರ್ತಿ ತೊಳೆದು ತೆಗೆಯಬೇಕು, ಬಣ್ಣದ ತಗಡಿನ ಅಂಚಿಗೆ ಟೇಪು ಹಚ್ಚಬೇಕು, ಕೈಯನ್ನು ಒಂದು ಕ್ಷಣವೂ ನಿಲ್ಲಿಸಬಾರದು, ನಿಲ್ಲಿಸಿದರೆ ಪ್ಲಾಸ್ಟಿಕ್ಕು ಕರಗುತ್ತದೆ ಎಂದು ಎರಡೆರಡು ಸಲ ಹೇಳಿ, ನನ್ನ ಕೈಗೆ ಯಂತ್ರ ಕೊಟ್ಟು ಅಭ್ಯಾಸ ಮಾಡಿಸಿ, ಒಂದು ವಾರದ ಮಟ್ಟಿಗೆ ಅದನ್ನು ಎರವಲು ಕೊಟ್ಟರು. ಬಿಸಿ ಕೊಟ್ಟದ್ದು ಒಂದು ವರ್ಷ ಬಾಳುತ್ತದೆ, ಮತ್ತೆ ಕೊಡಬಹುದು, ಆದರೆ ಮೂರು ನಾಲ್ಕು ಸಲವಾದ ಮೇಲೆ ಒಳಗೆ ಏನೂ ಉಳಿಯುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಹೋಟೆಲಿನಲ್ಲಿ ಮಧ್ಯಾಹ್ನ ಮೂರರಿಂದ ಐದು ನನಗೆ ಬಿಡುವು. ಐದು ಮಧ್ಯಾಹ್ನ ನಾನು ಪಾರ್ಕಿಂಗಿನಲ್ಲಿ ಕೂತೆ. ಮೊದಲ ಎರಡು ದಿನ ತೊಳೆಯುವುದರಲ್ಲೇ ಹೋಯಿತು. ನಮ್ಮ ಹೋಟೆಲಿನ ಬಾಣಲೆ ತಿಕ್ಕುವ ಪುಡಿ, ನಾರು, ಬಿಸಿನೀರು. ನಾನೇ ಪ್ರೀತಿಯಿಂದ ಕುಡಿಸಿದ ಎಣ್ಣೆಯನ್ನು ನಾನೇ ಬೈಯುತ್ತಾ ತೆಗೆದೆ. ಸೊಸೈಟಿಯ ಕರೆಂಟು ಬಳಸಿದಳು ಎಂಬ ಮಾತು ಬರಬಾರದೆಂದು ಎರಡನೆಯ ಮಹಡಿಯ ನಮ್ಮ ಅಡುಗೆಮನೆಯ ಕಿಟಕಿಯಿಂದ ಉದ್ದದ ವಯರು ಇಳಿಬಿಟ್ಟೆ. ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ಈ ವಯಸ್ಸಿನಲ್ಲಿ ಈಕೆಗೆ ಇದು ಬೇಕಿತ್ತೇ ಎಂದು ಒಬ್ಬಾಕೆ ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು. ಅತ್ತೆ ಒಂದು ಕುರ್ಚಿ ತರಿಸಿ ನನ್ನ ಪಕ್ಕದಲ್ಲಿ ಹಾಕಿಸಿಕೊಂಡು ಕೂತರು. ಹತ್ತಿರ ಬಂದು ಬಗ್ಗಿ ನೋಡಿದವರಿಗೆಲ್ಲ ಅಚ್ಚ ಕನ್ನಡದಲ್ಲಿ ಮಂಗಳಾರತಿ ಎತ್ತಿದರು. ಅರ್ಥವಾಗದಿದ್ದರೂ ಅವರು ದೂರ ಸರಿದರು.

ಎಡಗಡೆಯ ಹಿಂದಿನ ಚಕ್ರದ ಕಮಾನಿನ ಮೇಲೆ ನನ್ನ ಕೈ ಒಂದೇ ಒಂದು ಸಲ ನಿಂತಿತು. ಕಾರ್ಯದರ್ಶಿ ಗೇಟಿನಿಂದ ಒಳಗೆ ಬರುತ್ತಿದ್ದರು, ನಾನು ಅವರನ್ನು ದುರುಗುಟ್ಟಿ ನೋಡಿದೆ. ಅಷ್ಟರಲ್ಲಿ ಪ್ಲಾಸ್ಟಿಕ್ಕು ಹೆಬ್ಬೆರಳಗಲ ಸುಕ್ಕುಗಟ್ಟಿತು. ಆ ಸುಕ್ಕು ಇವತ್ತಿಗೂ ಇದೆ. ಉಳಿದದ್ದೆಲ್ಲ ಕಪ್ಪಾಯಿತು. ಗೇಣು ಗೇಣಾಗಿ, ಒಂದು ಬಂಪರಿಗೆ ಒಂದು ಮಧ್ಯಾಹ್ನ. ಗಾಳಿಯ ಮೂತಿ ಹೋದಲ್ಲೆಲ್ಲ ಬೂದಿ ಬಣ್ಣ ಹಿಂದೆ ಸರಿಯುವುದನ್ನು ನೋಡುವಾಗ ನನಗೆ ಆದ ಸಂತೋಷಕ್ಕೆ ಲೆಕ್ಕವಿಲ್ಲ. ತೋಳು ಬಿದ್ದುಹೋಗುವಷ್ಟು ನೋಯುತ್ತಿತ್ತು. ಗಾಜಿನ ಮೇಲಿದ್ದ ಹಳದಿ ಚೀಟಿಯನ್ನು ಮಾತ್ರ ನಾನು ಮುಟ್ಟಲಿಲ್ಲ. ಅಂಟಿಸಿದವರೇ ಕೀಳಲಿ.

ಗಡುವಿನ ಭಾನುವಾರ ಕಮಿಟಿಯವರು ಮತ್ತೆ ಬಂದರು. ಈ ಸಲ ಗಂಡನೂ ಕೆಳಗೆ ಬಂದಿದ್ದರು, ಕೈಯಲ್ಲಿ ಕಾಫಿಯ ಲೋಟ ಹಿಡಿದುಕೊಂಡೇ. ಜೀಪು ಬೆಳಗಿನ ಚಳಿಯಲ್ಲಿ ಕಪ್ಪಗೆ, ಹಸಿರಾಗಿ, ಯಾರ ಹಂಗೂ ಇಲ್ಲದೆ ನಿಂತಿತ್ತು. ಕಾರ್ಯದರ್ಶಿ ಸುತ್ತಲೂ ಒಂದು ಸುತ್ತು ಬಂದರು. ಸುಕ್ಕನ್ನು ನೋಡಿದರು. ಉಗುರಿನಿಂದ ಚೀಟಿಯನ್ನು ಕೆರೆದು ತೆಗೆದರು. ಆಮೇಲೆ, ಅಭ್ಯಾಸಬಲದಿಂದ, ನನ್ನ ಗಂಡನ ಕಡೆ ತಿರುಗಿ, ಇದು ಎಷ್ಟು ದಿನ ಹೀಗಿರುತ್ತದೆ ಎಂದು ಕೇಳಿದರು.

ಗಂಡ ಕಾಫಿ ಕುಡಿದು ಮುಗಿಸಿದರು. ನನಗೇನು ಗೊತ್ತು, ಗಾಡಿ ಅವಳದ್ದು, ಅವಳನ್ನು ಕೇಳಿ ಎಂದು ಮರಾಠಿಯಲ್ಲಿ ಹೇಳಿದರು.

ಕಾರ್ಯದರ್ಶಿಗೆ ನನ್ನ ಕಡೆ ತಿರುಗದೆ ಬೇರೆ ದಾರಿಯಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಒಂದು ವರ್ಷ ಇರುತ್ತದೆ, ಆಮೇಲೆ ಮತ್ತೆ ಬಿಸಿ ಕೊಡುತ್ತೇನೆ, ಹಾಗೆ ಮೂರು ನಾಲ್ಕು ಸಲ ಮಾಡಬಹುದು, ಅದಾದ ಮೇಲೆ ಕಪ್ಪಾಗುವುದಿಲ್ಲ ಎಂದೆ.

"ಆಮೇಲೆ?" ಎಂದರು.

"ಆಮೇಲೆ ಬೆಳ್ಳಗಾಗ್ತದೆ," ಎಂದೆ. "ಬೆಳ್ಳಗಾಗಿ ಇಲ್ಲೇ ನಿಲ್ತದೆ."