ಎಡಮೂಲೆಯ ಎರಡು ಅಕ್ಷರ

ಟೈಪಿಸ್ಟನ ಹೆಸರು ಯಾರಿಗೂ ಬೇಡ. ಕಾಗದದ ಕೆಳಗೆ, ಎಡಮೂಲೆಯಲ್ಲಿ, ಅವನ ಹೆಸರಿನ ಎರಡು ಸಣ್ಣ ಅಕ್ಷರ ಇರುತ್ತದೆ. ಅದೂ, ತಪ್ಪಾದರೆ ಯಾರನ್ನು ಬೈಯಬೇಕೆಂದು ತಿಳಿಯಲು. ಕುವೈತಿನ ಒಂದು ಕಟ್ಟಡ ಕಂಪನಿಯಲ್ಲಿ ಆ ಎರಡು ಅಕ್ಷರ ಹೊಡೆದು ಹೊಡೆದೇ ನನ್ನ ಬೆನ್ನು ಬಗ್ಗಿತು.

ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುವ ಫಿಲಿಪ್ಪೀನಿ ಇದ್ದ. ವಾರದ ರಜೆಯ ಶುಕ್ರವಾರ ಇಬ್ಬರೂ ಒಂದೇ ಇಗರ್ಜಿಗೆ ಹೋಗುವವರು, ಹಾಗೆ ಸ್ನೇಹ. ಕಾಲೇಜಿನಲ್ಲಿದ್ದ ಅವನ ತಮ್ಮ ಮನಿಲಾದ ಜೈಲಿನಲ್ಲಿದ್ದ. ಸೈನಿಕರ ಜೀಪಿಗೆ ಬೆಂಕಿ ಹಚ್ಚಿದನೆಂದು ಆರೋಪ. ಜೀಪು ಉರಿದ ಸಂಜೆ ತಮ್ಮ ಮನೆಯಲ್ಲಿ ಜ್ವರದಿಂದ ಮಲಗಿದ್ದನ್ನು ಕಂಡವನು, ಮರುದಿನ ಕುವೈತಿಗೆ ಹೊರಟುನಿಂತಿದ್ದ ಇವನೊಬ್ಬನೇ.

ತಮ್ಮನ ಪರ ನಿಂತವರು ಒಬ್ಬ ವೃದ್ಧ ವಕೀಲರು. ಹಿಂದೆ ಸೆನೆಟರ್ ಆಗಿದ್ದವರು. ಸೈನ್ಯದ ಆಳ್ವಿಕೆ ಬಂದಾಗ ತಾವೇ ಜೈಲು ಕಂಡು, ಹೊರಬಂದು, ಒಂದು ಕಾಸೂ ಮುಟ್ಟದೆ ಕೈದಿಗಳಿಗಾಗಿ ವಾದಿಸುತ್ತಿದ್ದರು. ತುರ್ತು ಪರಿಸ್ಥಿತಿಯಲ್ಲಿ ಊರಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದ ನನಗೆ ಇಂಥವರ ಕತೆ ಕೇಳಿದರೇ ಆಯಾಸ.

ಅವರ ಪತ್ರವನ್ನು ಅವನು ತೋರಿಸಿದ. ಕಂಡದ್ದನ್ನು ಮಾತ್ರ ಬರೆದು ಕಳಿಸು, ಆದರೆ ಸಹಿ ಹಾಕಿದರೆ ನಿನ್ನ ಪಾಸ್‌ಪೋರ್ಟಿಗೇ ಕುತ್ತು ಬರಬಹುದು, ಯೋಚಿಸಿ ಹಾಕು ಎಂದಿತ್ತು. ನಮ್ಮೂರಿನ ವಕೀಲರಾದರೆ ಮೊದಲು ಸಹಿ, ಮತ್ತೆ ಮಾತು.

“ಟೈಪ್ ಮಾಡಿಕೊಡ್ತೀಯಾ ಭಾಯಿ?” ಎಂದ.

ಖೈತಾನ್ ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಊರ ಉಸಾಬರಿ ನಿಮಗ್ಯಾಕೆ? ಮಾಡುದಾದ್ರೆ ಮಾಡಿ. ನಿಮ್ಮ ಹೆಸರು ಮಾತ್ರ ಬರೂದು ಬೇಡ ಮಾರಾಯ್ರೆ. ಇಕಾಮಾ ಹೋಗಿ ಊರಿಗೆ ಅಟ್ಟಿದ್ರೆ ಮಕ್ಕಳ ಶಾಲೆ ಎಂತ ಮಾಡುದು?”

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹೊಡೆದುಕೊಟ್ಟೆ. ಕೊನೆಯ ಸಾಲು ಮುಗಿಯುತ್ತಲೇ ಬೆರಳು ತನ್ನ ಪಾಡಿಗೆ ಎಡಮೂಲೆಗೆ ಹೋಗಿತ್ತು. ಕಾಗದ ಹೊರಗೆಳೆದ ಮೇಲೆ ಕಣ್ಣಿಗೆ ಬಿತ್ತು. ನನ್ನ ಎರಡು ಅಕ್ಷರ.

“ಒಂದು ತಪ್ಪಾಯ್ತು, ಇನ್ನೊಂದು ಹೊಡೀತೇನೆ” ಎಂದೆ.

ಅವನು ಕಾಗದವನ್ನು ನೋಡಿದ, ಮೂಲೆಯನ್ನೂ ನೋಡಿದ. “ಮಾಫಿ ಮುಶ್ಕಿಲ್, ತೊಂದರೆಯಿಲ್ಲ” ಎಂದ. ನಾನು ಅದನ್ನು ಮುದುಡಿ ಬುಟ್ಟಿಗೆ ಹಾಕಿ, ಎರಡು ಅಕ್ಷರವಿಲ್ಲದ ಹೊಸ ಪ್ರತಿ ಕೊಟ್ಟೆ. ಅವನು ಪೂರ್ತಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಬರೆದು ಸಹಿ ಮಾಡಿದ.

ಆ ಸಾಕ್ಷಿಯ ಬಲದಿಂದಲೇ ವಕೀಲರು ತಮ್ಮನನ್ನು ಬಿಡಿಸಿದರು. ಗೆಳೆಯ ಆಫೀಸಿಗೆಲ್ಲ ಸಿಹಿ ಹಂಚಿದ. ಆದರೆ ಮುಂದಿನ ವರ್ಷ ನವೀಕರಣಕ್ಕೆಂದು ಅವನ ದೇಶದ ರಾಯಭಾರ ಕಚೇರಿಗೆ ಕೊಟ್ಟ ಪಾಸ್‌ಪೋರ್ಟ್ ವಾಪಸು ಬರಲೇ ಇಲ್ಲ. ಪಾಸ್‌ಪೋರ್ಟಿಲ್ಲದೆ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಇಲ್ಲ. ಅವನಿಗೆ ಜಾಮೀನಾಗಿದ್ದ ಕಫೀಲ್ ‘ಖಲಾಸ್, ಮುಗಿಯಿತು’ ಎಂದುಬಿಟ್ಟ.

ಪಾಸ್‌ಪೋರ್ಟಿನ ಬದಲು ಊರಿಗೆ ಮರಳಲು ಮಾತ್ರ ನಡೆಯುವ ಒಂದು ಕಾಗದ ಅವನಿಗೆ ಸಿಕ್ಕಿತು. ಕೊನೆಯ ದಿನ ಪರ್ಸಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ನನ್ನ ಕೈಗಿಟ್ಟ. ಬಿಡಿಸಿದರೆ ನನ್ನ ಮೊದಲ ಪ್ರತಿ. ಸುಕ್ಕುಗಳನ್ನು ನೀಟಾಗಿ ಒತ್ತಿ ತೆಗೆದಿದ್ದ.

“ಆವತ್ತು ಬುಟ್ಟಿಯಿಂದ ತೆಗೆದಿಟ್ಟೆ. ಬೇರೆಯವರ ಕೈಗೆ ಸಿಕ್ಕಿದ್ರೆ ನಿನಗೆ ಕಷ್ಟ ಅಲ್ವಾ?”

“ಹರಿದು ಹಾಕಬಹುದಿತ್ತಲ್ಲ ಮಾರಾಯ” ಎಂದೆ.

“ನಿನ್ನ ಅಕ್ಷರ ಭಾಯಿ. ಹರಿಯೋದು ನಿನಗೆ ಬಿಟ್ಟದ್ದು.”

ನಾಚಿಕೆಯಿಂದ ಸತ್ತೇಹೋದೆ. ವಿಮಾನ ನಿಲ್ದಾಣಕ್ಕೂ ಹೋಗಲಿಲ್ಲ.

ವಕೀಲರು ತೀರಿಕೊಂಡ ಸುದ್ದಿ ಎಷ್ಟೋ ಕಾಲದ ನಂತರ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅಂದು ಪೆಟ್ಟಿಗೆಯಿಂದ, ಹರಿಯದೆ ಇಟ್ಟಿದ್ದ ಆ ಹಾಳೆಯನ್ನು ತೆಗೆದು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನ ಎಡಮೂಲೆಯವರೆಗೆ ಓದಿದೆ. ಒಂದೂ ತಪ್ಪಿರಲಿಲ್ಲ.